ಹೆಲ್ಮೆಟ್ ಗ್ಲಾಸಿಗೆ ಹಬೆ ಕಟ್ಟಿದರೆ: ನೀರು ಎಲ್ಲಿ ಕೂತಿದೆ ಎಂದು ಮೊದಲು ನೋಡಿ

ಡಿಸೆಂಬರ್ ತಿಂಗಳು, ಬೆಳಗಿನ ಐದೂವರೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯಲು ಹೊರಟೆವು. ಮುಂದೆ ಭಾವನ ಬೈಕು, ಹಿಂದೆ ನನ್ನದು. ಎರಡನೇ ತಿರುವಿನಲ್ಲೇ ಭಾವನ ಹಿಂದಿನ ಕೆಂಪು ಲೈಟು ಮಸುಕಾಯಿತು, ಮೂರನೆಯದರಲ್ಲಿ ಮಾಯವಾಯಿತು. ಒಳಗೆ ಹಬೆ ಕಟ್ಟಿದೆ ಎಂದುಕೊಂಡು ಎಡಗೈ ಬೆರಳನ್ನು ಗ್ಲಾಸಿನ ಒಳಕ್ಕೆ ತೂರಿಸಿ ಒರೆಸಿದೆ. ಏನೂ ಬದಲಾಗಲಿಲ್ಲ. ಇನ್ನೂ ಜೋರಾಗಿ ಒರೆಸಿದೆ. ಆಗಲೂ ಅಷ್ಟೇ. ಬೈಕನ್ನು ಬದಿಗೆ ಹಾಕಿ ಹೆಲ್ಮೆಟ್ ತೆಗೆದು ನೋಡಿದರೆ, ಗ್ಲಾಸಿನ ಒಳಮೈ ಪೂರ್ತಿ ಒಣಗಿತ್ತು. ನೀರಿದ್ದದ್ದು ಹೊರಗೆ. ಘಾಟಿಯ ಮಂಜಿನ ಹನಿಗಳು ಸಾಲಾಗಿ ಕೂತಿದ್ದವು. ಅದರ ಜೊತೆಗೆ ನನ್ನ ಕನ್ನಡಕದ ಮೇಲೆ ಇನ್ನೊಂದು ಪದರ.

ಅದಕ್ಕೂ ಒಂದು ವಾರ ಮುಂಚೆ ಹಬೆ ತಡೆಯುವ ಸ್ಪ್ರೇಗೆ ದುಡ್ಡು ಸುರಿದಿದ್ದೆ. ಒಳಮೈಗೆ ಚೆನ್ನಾಗಿಯೇ ಬಳಿದಿದ್ದೆ. ಅದು ತನ್ನ ಕೆಲಸ ಮಾಡಿತ್ತು, ಪಾಪ. ರೋಗ ಬೇರೆ ಕಡೆ ಇತ್ತು.

ಅಂದಿನಿಂದ ಯಾರಾದರೂ "ಹೆಲ್ಮೆಟ್ ಹಬೆಗೆ ಏನು ಹಾಕಲಿ?" ಎಂದು ಕೇಳಿದರೆ ನಾನು ತಿರುಗಿಸಿ ಕೇಳುವುದು ಒಂದೇ ಪ್ರಶ್ನೆ: ನೀರು ಯಾವ ಮೈ ಮೇಲೆ ಕೂತಿದೆ?

ಮೊದಲು ಬೆರಳಿನ ಪರೀಕ್ಷೆ

ಕಾಣದಂತಾದ ಕೂಡಲೇ ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿ. ಓಡುತ್ತಿರುವ ಬೈಕಿನ ಮೇಲೆ ಈ ಪರೀಕ್ಷೆ ಬೇಡ. ಗ್ಲೌಸ್ ತೆಗೆದು ಗ್ಲಾಸಿನ ಹೊರಗೆ ಒಂದು ಗೆರೆ ಎಳೆಯಿರಿ, ಒಳಗೆ ಒಂದು ಗೆರೆ ಎಳೆಯಿರಿ. ಯಾವ ಗೆರೆಯ ಮೂಲಕ ರಸ್ತೆ ಸ್ಪಷ್ಟವಾಗಿ ಕಾಣಿಸಿತೋ ನೀರು ಆ ಕಡೆ ಇದೆ. ಎರಡೂ ಗೆರೆಗಳಿಂದ ಏನೂ ಆಗದಿದ್ದರೆ ಕನ್ನಡಕ ತೆಗೆದು ನೋಡಿ. ಕನ್ನಡಕವೂ ಸರಿಯಿದ್ದು, ಗ್ಲಾಸಿನೊಳಗೆ ಪಿನ್‌ಲಾಕ್ ಥರದ ಎರಡನೇ ಹಾಳೆ ಇದ್ದರೆ, ನೀರು ಆ ಎರಡರ ನಡುವೆ ಸಿಕ್ಕಿಕೊಂಡಿರುತ್ತದೆ.

ಇನ್ನೊಂದು ಸಾಧ್ಯತೆಯನ್ನು ಬಹಳ ಜನ ಮರೆಯುತ್ತಾರೆ. ಎಲ್ಲೂ ನೀರೇ ಇಲ್ಲದಿರಬಹುದು. ಎರಡು ಮೂರು ವರ್ಷ ಶರ್ಟಿನ ತುದಿಯಲ್ಲಿ ಒರೆಸಿದ ಗ್ಲಾಸಿನ ಮೇಲೆ ಸಾವಿರಾರು ಸಣ್ಣ ಗೀರುಗಳಿರುತ್ತವೆ. ನಡುಮಧ್ಯಾಹ್ನ ಅವು ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲು ಅಥವಾ ಎದುರು ಲಾರಿಯ ಹೆಡ್‌ಲೈಟ್ ಬಿದ್ದರೆ ಇಡೀ ಗ್ಲಾಸ್ ಬೆಳ್ಳಗಾಗುತ್ತದೆ. ಒಣಗಿದ ಗ್ಲಾಸನ್ನು ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬಿನ ಎದುರು ಹಿಡಿಯಿರಿ. ಜೇಡರ ಬಲೆಯಂತೆ ಸುತ್ತು ಗೆರೆಗಳು ಕಂಡರೆ ಇನ್ನೇನೂ ಓದುವುದು ಬೇಡ, ಹೊಸ ಗ್ಲಾಸ್ ಹಾಕಿಸಿ. ಅದಕ್ಕೆ ಯಾವ ಸ್ಪ್ರೇಯೂ ಮದ್ದಲ್ಲ.

ಹಬೆಯ ಲೆಕ್ಕ

ನಮ್ಮ ಉಸಿರು ಹೊರಬರುವಾಗ ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ. ಹಿಡಿಸುವಷ್ಟೂ ನೀರಾವಿ ಅದರಲ್ಲಿ ತುಂಬಿರುತ್ತದೆ. ಆ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರನ್ನು ಹೊತ್ತುಕೊಳ್ಳಬಲ್ಲದು. ಅದೇ ಗಾಳಿ 10 ಡಿಗ್ರಿಗೆ ತಣ್ಣಗಾದರೆ 9 ಗ್ರಾಂ ಚಿಲ್ಲರೆ ಮಾತ್ರ ಹಿಡಿಯುತ್ತದೆ. ಸೊನ್ನೆಗೆ ಇಳಿದರೆ 5 ಗ್ರಾಮೂ ಇಲ್ಲ. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ, ಗಾಳಿಗೆ ತಣ್ಣಗಾಗಿರುವ ಪ್ಲಾಸ್ಟಿಕ್ ಸಿಕ್ಕಿತಲ್ಲ, ಅಲ್ಲೇ ಕೂರುತ್ತದೆ. ಸುಮ್ಮನೆ ಕೂತು ಉಸಿರಾಡಿದರೂ ಒಂದು ಗಂಟೆಯಲ್ಲಿ ಒಂದು ದೊಡ್ಡ ಚಮಚದಷ್ಟು ನೀರು ನಮ್ಮ ಮೂಗು ಬಾಯಿಯಿಂದ ಹೋಗುತ್ತದೆ. ಗ್ಲಾಸನ್ನು ಕುರುಡು ಮಾಡಲು ಅದರ ಸಣ್ಣ ಪಾಲು ಸಾಕು.

ಬೆಂಗಳೂರಿನ ಚಳಿ ಎಂದರೆ ಉತ್ತರದವರು ನಗುತ್ತಾರೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದರೆ ಹಬೆ ಕಟ್ಟಲು ಹಿಮ ಬೀಳಬೇಕಿಲ್ಲ. ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಯಲಹಂಕ ದಾಟಿ ನಂದಿ ಬೆಟ್ಟದ ಕಡೆ ಹೋದವರಿಗೆ ಗೊತ್ತು, 14 ಡಿಗ್ರಿಯಲ್ಲೂ ಸಿಗ್ನಲ್ಲಿನಲ್ಲಿ ನಿಂತ ಅರ್ಧ ನಿಮಿಷದಲ್ಲಿ ಕೆಂಪು ಹಸಿರು ಎರಡೂ ಒಂದೇ ಮುದ್ದೆಯಾಗಿ ಕಾಣುತ್ತವೆ.

ಇದಕ್ಕಿರುವ ದಾರಿಗಳು ಮೂರೇ. ಉಸಿರು ಗ್ಲಾಸಿಗೆ ಮುಟ್ಟದಂತೆ ನೋಡಿಕೊಳ್ಳುವುದು. ಗ್ಲಾಸಿನ ಒಳಮೈ ತಣ್ಣಗಾಗದಂತೆ ಮಾಡುವುದು. ಅಥವಾ ಕೂತ ನೀರು ಹನಿಯಾಗದೆ ತೆಳ್ಳಗೆ ಹರಡುವಂತೆ ಮಾಡುವುದು. ಅಂಗಡಿಯಲ್ಲಿ ಯಾರು ಏನು ತೋರಿಸಿದರೂ ಈ ಮೂರರಲ್ಲಿ ಅದು ಯಾವುದು ಎಂದು ಕೇಳಿಕೊಳ್ಳಿ. ಮೊದಲನೆಯದಕ್ಕೆ ಹೆಚ್ಚಾಗಿ ಖರ್ಚೇ ಇಲ್ಲ. ಆದರೂ ಜನ ಮೂರನೆಯದರಿಂದ ಶುರು ಮಾಡುತ್ತಾರೆ!

ಹೊರಗೆ ನೀರು

ಇದು ಮಲೆನಾಡಿನ ಕಾಯಿಲೆ. ಚಾರ್ಮಾಡಿ, ಆಗುಂಬೆ, ಮುಳ್ಳಯ್ಯನಗಿರಿ ರಸ್ತೆಗಳಲ್ಲಿ ಕೆಲವೊಮ್ಮೆ ನಾವು ಮೋಡದೊಳಗೇ ಹೋಗುತ್ತಿರುತ್ತೇವೆ. ಮೋಡದ ಹನಿಗಳು ಗ್ಲಾಸಿಗೆ ಅಂಟುತ್ತವೆ. ಎಡ ಗ್ಲೌಸಿನ ಹೆಬ್ಬೆರಳು ಅಥವಾ ತೋರುಬೆರಳಿಗೆ ರಬ್ಬರ್ ಪಟ್ಟಿ ಇದ್ದರೆ ಅದರಿಂದ ಒಂದೇ ಎಳೆತಕ್ಕೆ ಒರೆಸಬಹುದು. ಅನೇಕ ಮಳೆಗಾಲದ ಗ್ಲೌಸುಗಳಲ್ಲಿ ಅದು ಇರುತ್ತದೆ, ಕೊಂಡವರಿಗೇ ಅದು ಯಾಕಿದೆ ಎಂದು ಗೊತ್ತಿರುವುದಿಲ್ಲ. ನೀರು ಜಾರಿಸುವ ಮೇಣದಂಥ ಲೇಪ ಹೊರಮೈಗೆ ಒಳ್ಳೆಯದು. ಆದರೆ ಕಾರಿನ ಗಾಜಿಗೆ ಹಾಕುವುದನ್ನು ತಂದು ಬಳಿಯಬೇಡಿ. ಹೆಲ್ಮೆಟ್ಟಿನದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಸ್ಪಿರಿಟ್, ಪೆಟ್ರೋಲ್, ಅಮೋನಿಯಾ ಇರುವ ಗಾಜು ಕ್ಲೀನರ್ ತಗಲಿದರೆ ಅದರ ಮೇಲಿನ ಲೇಪ ಹಾಳಾಗುತ್ತದೆ, ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡಬಹುದು. ಹೆಲ್ಮೆಟ್ ಗ್ಲಾಸಿಗೆಂದೇ ಬರೆದಿದ್ದರೆ ಮಾತ್ರ ತನ್ನಿ.

ಹೊರಗೆ ಹಬೆ ಕಟ್ಟುವ ಇನ್ನೊಂದು ಸಂದರ್ಭ ಘಾಟಿ ಇಳಿದ ಮೇಲೆ. ಮೇಲಿನ ಚಳಿಗೆ ತಣ್ಣಗಾದ ಗ್ಲಾಸು ಉಜಿರೆ ಕಡೆಯ ಬೆಚ್ಚಗಿನ, ತೇವದ ಗಾಳಿಗೆ ಸಿಕ್ಕಿದಾಗ ಹೊರಮೈಯೇ ಮಸುಕಾಗುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಬೆವರುತ್ತದಲ್ಲ, ಅದೇ. ಐದು ನಿಮಿಷದಲ್ಲಿ ಗ್ಲಾಸು ಬೆಚ್ಚಗಾಗಿ ತಾನೇ ಸರಿಹೋಗುತ್ತದೆ. ಏನೂ ಕೊಳ್ಳಬೇಕಿಲ್ಲ.

ಒಳಗೆ ಹಬೆ: ಉಸಿರು ಎಲ್ಲಿಂದ ಹತ್ತುತ್ತಿದೆ?

ಇದೇ ಹೆಚ್ಚಿನವರ ಸಮಸ್ಯೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಚಳಿಯ ಬೆಳಿಗ್ಗೆ ಮನೆಯಂಗಳದಲ್ಲೇ ಹೆಲ್ಮೆಟ್ ಹಾಕಿ, ಗ್ಲಾಸ್ ಪೂರ್ತಿ ಮುಚ್ಚಿ ನಿಲ್ಲಿ. ಬೈಕ್ ಬೇಡ. ಬರೀ ಮೂಗಿನಿಂದ ಉಸಿರಾಡಿ, ಹಬೆ ಎಲ್ಲಿ ಶುರುವಾಗುತ್ತದೆ ನೋಡಿ. ಗ್ಲಾಸಿನ ಕೆಳ ಅಂಚಿನ ನಡುವಿನಿಂದ ಮೇಲಕ್ಕೆ ಹರಡಿದರೆ ಉಸಿರು ನೇರವಾಗಿ ಹತ್ತುತ್ತಿದೆ ಎಂದು ಅರ್ಥ. ಒಂದೇ ಸಲಕ್ಕೆ ಮೇಲಿನಿಂದ ಕೆಳಗಿನವರೆಗೆ ಮಸುಕಾದರೆ ಒಳಗಿನ ಗಾಳಿಯೇ ತೇವವಾಗಿದೆ. ತಲೆ ಕೂದಲು, ಸ್ಪಂಜು, ಬೆವರು ಇವುಗಳಲ್ಲಿ ಯಾವುದೋ ಒಂದು ಕಾರಣ. ಅಲ್ಲೊಂದು ಇಲ್ಲೊಂದು ತೇಪೆಯಂತೆ ಕಟ್ಟಿದರೆ ಕಂಪನಿಯವರು ಹಾಕಿದ ಹಬೆ ತಡೆಯುವ ಲೇಪ ಅಷ್ಟಷ್ಟು ಕಡೆ ಕಿತ್ತುಹೋಗಿದೆ.

ಉಸಿರು ಹತ್ತುತ್ತಿದ್ದರೆ ಮೊದಲ ಅನುಮಾನ ಕುತ್ತಿಗೆಯ ಮೇಲೆ. ಜಾಕೆಟ್ ಕಾಲರ್ ಮೇಲಕ್ಕೆ, ಅದರ ಸುತ್ತ ಮಫ್ಲರ್, ಹೆಲ್ಮೆಟ್ಟಿನೊಳಗೆ ಮಂಕಿ ಟೋಪಿ. ನಮ್ಮಲ್ಲಿ ಚಳಿಗೆ ಇದೇ ಯೂನಿಫಾರ್ಮ್, ಅಲ್ವಾ? ಉಸಿರು ಗದ್ದದ ಕೆಳಗಿನಿಂದ ಹೊರಹೋಗಬೇಕಾದ ದಾರಿಯನ್ನು ನಾವೇ ಉಣ್ಣೆ ತುರುಕಿ ಮುಚ್ಚಿರುತ್ತೇವೆ. ಆಗ ಅದಕ್ಕೆ ಉಳಿಯುವ ದಾರಿ ಒಂದೇ, ಮೇಲಕ್ಕೆ, ಗ್ಲಾಸಿನ ಕಡೆಗೆ. ಮಫ್ಲರನ್ನು ಎರಡು ಬೆರಳು ಕೆಳಗೆ ಇಳಿಸಿ ಮತ್ತೆ ಅದೇ ಪರೀಕ್ಷೆ ಮಾಡಿ. ಹಬೆ ತಡವಾಗಿ ಕಟ್ಟಿದರೆ ಕಳ್ಳ ಸಿಕ್ಕಿದ. ಮಂಕಿ ಟೋಪಿಯ ಬದಲು ತೆಳ್ಳನೆಯ ಬಾಲಕ್ಲಾವ, ಅಂದರೆ ತಲೆ ಕುತ್ತಿಗೆ ಮುಚ್ಚುವ ಬಟ್ಟೆಯ ಮುಸುಕು, ಹಾಕಿ. ಬಾಯಿ ಮುಚ್ಚಿದರೂ ಪರವಾಗಿಲ್ಲ, ಮೂಗಿನ ಮೇಲ್ತುದಿಯಲ್ಲಿ ಅದು ಬಿಗಿಯಾಗಿರಬೇಕು. ಮೇಲೆ ಸಡಿಲ, ಕೆಳಗೆ ಬಿಗಿ ಇದ್ದರೆ ಅದು ಹಬೆಯನ್ನು ಕಣ್ಣಿಗೆ ಊದುವ ಕೊಳವೆಯಾಗುತ್ತದೆ.

ಎರಡನೇ ಅನುಮಾನ ಮೂಗಿನ ರಬ್ಬರ್. ಹೊಸ ಹೆಲ್ಮೆಟ್ಟಿನ ಡಬ್ಬದಲ್ಲಿ ಕೆಲವೊಮ್ಮೆ ಮೂಗಿನಾಕಾರದ ಒಂದು ಕಪ್ಪು ರಬ್ಬರ್ ತುಂಡು ಬಂದಿರುತ್ತದೆ. ಗದ್ದದ ಪಟ್ಟಿಯ ಮೇಲೆ, ಮೂಗಿನ ಎದುರು ಸಿಕ್ಕಿಸುವಂಥದ್ದು. ಇದು ಏನೋ ಪ್ಯಾಕಿಂಗ್ ಎಂದು ಡಬ್ಬದ ಜೊತೆ ಎಸೆದವರಲ್ಲಿ ನಾನೂ ಒಬ್ಬ. ಅದರ ಕೆಲಸ ಮೂಗಿನ ಉಸಿರನ್ನು ಕೆಳಕ್ಕೆ ತಿರುಗಿಸುವುದು. ಬಿಡಿಯಾಗಿಯೂ ಸಿಗುತ್ತದೆ. ನನ್ನ ಕೇಳಿದರೆ ಸ್ಪ್ರೇಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ.

ಮೂರನೆಯದು ಗಾಳಿಯ ದಾರಿ. ಗದ್ದದ ಹತ್ತಿರ ಒಂದು ಕಿಂಡಿ, ನೆತ್ತಿಯ ಮೇಲೆ ಒಂದೆರಡು, ಹಿಂದೆ ಒಂದೆರಡು ಕಿಂಡಿಗಳಿರುತ್ತವೆ. ಗದ್ದದಿಂದ ಬಂದ ಗಾಳಿ ಗ್ಲಾಸಿನ ಒಳಮೈ ಸವರಿ ಹಿಂದಿನಿಂದ ಹೋಗಬೇಕು. ಚಳಿ ಎಂದು ಜನ ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಇನ್ನು ಕೆಲವು ಅಗ್ಗದ ಹೆಲ್ಮೆಟ್ಟುಗಳಲ್ಲಿ ಕಿಂಡಿ ಇರುವುದು ತೋರಿಕೆಗೆ ಮಾತ್ರ, ಒಳಗೆ ತೂತೇ ಇರುವುದಿಲ್ಲ. ಗೊತ್ತಾಗುವುದು ಹೇಗೆ? ನಾನು ಮಾಡುವುದು ಹೀಗೆ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಗ್ಲಾಸ್ ಮುಚ್ಚಿ, ಟೇಬಲ್ ಫ್ಯಾನನ್ನು ಎದುರಿನಿಂದ ಸಣ್ಣಗೆ ಬಿಡುತ್ತೇನೆ. ಒಂದು ಊದುಬತ್ತಿ ಹಚ್ಚಿ, ಗದ್ದದ ಕಿಂಡಿಯಿಂದ ಅರ್ಧ ಅಡಿ ಮುಂದೆ ಹಿಡಿಯುತ್ತೇನೆ. ಹೊಗೆ ಗ್ಲಾಸಿನ ಹಿಂದೆ ತೇಲುವುದು ಕಂಡರೆ ದಾರಿ ಇದೆ. ಕಾಣದಿದ್ದರೆ ಕಿಂಡಿಯಲ್ಲಿ ಧೂಳು, ಹುಳ ಏನಾದರೂ ಸಿಕ್ಕಿರಬೇಕು, ಇಲ್ಲವೇ ಕಿಂಡಿಯೇ ಸುಳ್ಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುಚಿ ಮಾಡಿ. ಕಿಡಿ ಒಳಗಿನ ಥರ್ಮೋಕೋಲಿಗೆ ತಗಲದಂತೆ ಹುಷಾರು.

ಕಿಂಡಿ ಸುಳ್ಳಾದರೆ ಡ್ರಿಲ್ ತೆಗೆದುಕೊಂಡು ನೀವೇ ತೂತು ಕೊರೆಯಲು ಹೋಗಬೇಡಿ. ಹಾಗೆ ಮಾಡಿದ ಒಬ್ಬರನ್ನು ನೋಡಿದ್ದೇನೆ, ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೆಮ್ಮೆ ಬೇರೆ. ಹೊರಚಿಪ್ಪಿಗೆ ತೂತು ಬಿದ್ದರೆ ಏಟು ತಡೆಯುವ ಶಕ್ತಿ ಅಲ್ಲೇ ಕಡಿಮೆಯಾಗುತ್ತದೆ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತು ಇರುವುದು ಕಾರ್ಖಾನೆಯಿಂದ ಬಂದ ರೂಪಕ್ಕೆ, ನೀವು ಕೊರೆದ ಮೇಲಿನ ರೂಪಕ್ಕಲ್ಲ.

ಇನ್ನು ಒಳಗಿನ ಗಾಳಿಯೇ ತೇವವಾಗಿರುವ ಪ್ರಕರಣ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಕೂದಲು ಒಣಗುವ ಮೊದಲೇ ಹೆಲ್ಮೆಟ್ ಹಾಕಿದರೆ ಅದು ತಲೆಯ ಮೇಲೆ ಇಡ್ಲಿ ಪಾತ್ರೆ ಮುಚ್ಚಿದಂತೆ. ಸ್ಪಂಜುಗಳದೂ ಅದೇ ಕಥೆ. ಹಿಂದಿನ ಸಂಜೆ ಮಳೆಗೆ ನೆನೆದ ಕೆನ್ನೆಯ ಸ್ಪಂಜು ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತದೆ. ಟಿಶ್ಯೂ ಪೇಪರ್ ಇಟ್ಟು ಜೋರಾಗಿ ಒತ್ತಿ ನೋಡಿ, ಗೊತ್ತಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಯಾವುದೂ ಒಣಗುವುದಿಲ್ಲ ಎಂಬುದು ನಿಜ. ಕಳಚಲು ಬರುವ ಸ್ಪಂಜನ್ನು ಬಿಚ್ಚಿ ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಯ ಹತ್ತಿರ ಬಟ್ಟೆಗಳ ಜೊತೆ ಹರವಬಹುದು. ಹೆಲ್ಮೆಟ್ಟನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ, ಬಿಸಿಗೆ ಒಳಗಿನ ಥರ್ಮೋಕೋಲ್ ಕುಗ್ಗುತ್ತದೆ. ಅದರೊಳಗೆ ಹಳೆಯ ಪೇಪರ್ ಮುದ್ದೆ ಮಾಡಿ ತುಂಬಿ, ರಾತ್ರಿ ಒಮ್ಮೆ ಬದಲಿಸಿದರೆ ಸಾಕು.

ಓಡಿಸುವ ರೂಢಿಯಲ್ಲೂ ಒಂದು ಬದಲಾವಣೆ ಮಾಡಿಕೊಳ್ಳಿ. ಸಿಗ್ನಲ್ಲಿನಲ್ಲಿ ನಿಂತ ಮೇಲೆ, ಹಬೆ ಕಟ್ಟಿದ ಮೇಲೆ ಗ್ಲಾಸ್ ಎತ್ತುವುದಲ್ಲ. ನಿಲ್ಲುವ ಮುಂಚೆಯೇ, ಇನ್ನೂ ಗಾಳಿ ಆಡುತ್ತಿರುವಾಗಲೇ ಗ್ಲಾಸನ್ನು ಒಂದು ಹಲ್ಲು, ಅಂದರೆ 'ಟಕ್' ಎನ್ನುವ ಒಂದು ಹಂತ, ಎತ್ತಿ. ಹಬೆ ಕಟ್ಟದಂತೆ ತಡೆಯುವುದು ಸುಲಭ, ಕಟ್ಟಿದ್ದನ್ನು ಓಡಿಸುವುದು ಕಷ್ಟ. ಅದರಲ್ಲೂ ನಮ್ಮ ಕಡೆ. ನಂದಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಬೆಳಗಿನ ಹೊರಗಾಳಿಯೇ ತೇವದಿಂದ ತುಂಬಿರುತ್ತದೆ, ಗ್ಲಾಸಿನ ಮೇಲಿನ ಹಬೆಯನ್ನು ಹೀರಿಕೊಳ್ಳಲು ಅದರಲ್ಲಿ ಜಾಗವಿರುವುದಿಲ್ಲ.

ಕನ್ನಡಕದವರ ಪಾಡು

ಕನ್ನಡಕದವರಿಗೆ ಹಬೆ ಎರಡು ಬಾಗಿಲಿನ ಕಾಟ. ಗ್ಲಾಸ್ ಸರಿಮಾಡಿದರೆ ಕನ್ನಡಕ ಮಸುಕು, ಕನ್ನಡಕ ಒರೆಸಲು ಹೆಲ್ಮೆಟ್ ತೆಗೆಯಬೇಕು, ಹೆಲ್ಮೆಟ್ ತೆಗೆಯಲು ಗ್ಲೌಸ್ ತೆಗೆಯಬೇಕು. ಕೋವಿಡ್ ಕಾಲದ ಮಾಸ್ಕಿನ ಪಾಠವೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಉಸಿರು ಮೂಗಿನ ಎರಡು ಪಕ್ಕದ ಸಂದಿನಿಂದ ಮೇಲೆ ಬರುತ್ತದೆ. ಆ ಸಂದು ಮುಚ್ಚಿದರೆ ಅರ್ಧ ಗೆದ್ದಂತೆ. ಮೂಗಿನ ರಬ್ಬರ್ ಸರಿಯಾಗಿ ಕೂರದಿದ್ದರೆ, ಮೂಗಿಗೆ ತಂತಿ ಇರುವ ಮಾಸ್ಕ್ ಹಾಕಿ ಅದರ ಮೇಲೆ ಹೆಲ್ಮೆಟ್ ಹಾಕಿ ನೋಡಿ. ಚಂದ ಕಾಣುವುದಿಲ್ಲ, ಆದರೆ ರಸ್ತೆ ಕಾಣುತ್ತದೆ.

ಇನ್ನೊಂದು ಸಣ್ಣ ಉಪಾಯವಿದೆ. ಕನ್ನಡಕವನ್ನು ಜೇಬಿನಿಂದ ತೆಗೆದ ತಕ್ಷಣ ಹಾಕಿ ಹೊರಡಬೇಡಿ. ಹೆಲ್ಮೆಟ್ ಹಾಕಿ, ಗ್ಲಾಸ್ ಎತ್ತಿ, ಕನ್ನಡಕವನ್ನು ಕೊನೆಗೆ ಸೇರಿಸಿ, ಒಂದು ನಿಮಿಷ ಮುಖದ ಬಿಸಿಗೆ ಬಿಡಿ. ಲೆನ್ಸ್ ಬೆಚ್ಚಗಾದ ಮೇಲೆ ಗ್ಲಾಸ್ ಇಳಿಸಿ.

ಎರಡನೇ ಹಾಳೆಯ ದೋಷಗಳು

ಒಳಮೈ ತಣ್ಣಗಾಗದಂತೆ ಮಾಡುವ ಉಪಾಯಗಳಲ್ಲಿ ನನಗೆ ನಂಬಿಕೆ ಇರುವುದು ಪಿನ್‌ಲಾಕ್ ಥರದ ಒಳಹಾಳೆಯ ಮೇಲೆ. ಗ್ಲಾಸಿನ ಎರಡು ತುದಿಗೆ ಎರಡು ಸಣ್ಣ ಪಿನ್ನು, ಅವುಗಳ ನಡುವೆ ತೆಳ್ಳನೆಯ ಹಾಳೆ. ಹಾಳೆಯ ಸುತ್ತ ಸಿಲಿಕೋನಿನ ಉಬ್ಬು ಗೆರೆ. ಅದು ಗ್ಲಾಸಿಗೆ ಅಂಟಿ ಕೂತರೆ ನಡುವೆ ಒಂದಿಷ್ಟು ಗಾಳಿ ಬಂದಿಯಾಗುತ್ತದೆ. ಆ ಗಾಳಿ ಚಳಿಯನ್ನು ತಡೆಯುತ್ತದೆ. ಜೊತೆಗೆ ಹಾಳೆಯೇ ಒಂದಿಷ್ಟು ತೇವ ಹೀರುತ್ತದೆ. 30, 70, 120 ಎಂಬ ಅಂಕಿಗಳು ಅದು ಎಷ್ಟು ಹಬೆ ತಡೆಯುತ್ತದೆ ಎನ್ನುವುದಕ್ಕೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು.

ಕೊಳ್ಳುವಾಗ ಒಂದು ಮಾತು. "ಪಿನ್‌ಲಾಕ್ ರೆಡಿ" ಎಂದರೆ ಗ್ಲಾಸಿನಲ್ಲಿ ಪಿನ್ನುಗಳಿವೆ ಎಂದಷ್ಟೇ. ಹಾಳೆ ಡಬ್ಬದಲ್ಲಿ ಇರಬಹುದು, ಇಲ್ಲದಿರಬಹುದು. ಡಬ್ಬ ಬಿಚ್ಚಿಸಿ ನೋಡಿ.

ಹಾಳೆ ಹಾಕಿದ ಮೇಲೂ ಮಸುಕು ಎನ್ನುವವರ ಹೆಲ್ಮೆಟ್ ನೋಡಿದಾಗ ಎರಡು ಸಲ ನನಗೆ ಸಿಕ್ಕಿದ ಕಾರಣ ಕೇಳಿದರೆ ನಗು ಬರುತ್ತದೆ. ಹಾಳೆಗೆ ಅಂಟಿಸಿದ್ದ ರಕ್ಷಣೆಯ ಪ್ಲಾಸ್ಟಿಕ್ ಸಿಪ್ಪೆಯನ್ನು ತೆಗೆದೇ ಇರಲಿಲ್ಲ! ಹೊಸ ಫೋನಿನ ಸ್ಕ್ರೀನ್ ಮೇಲೆ ಇರುತ್ತದಲ್ಲ, ಅಂಥದ್ದು. ಉಗುರಿನಿಂದ ಮೂಲೆಯನ್ನು ಮೆಲ್ಲಗೆ ಕೆರೆದು ನೋಡಿ.

ಸಿಪ್ಪೆ ಇಲ್ಲದಿದ್ದರೂ ಎರಡು ಹಾಳೆಗಳ ನಡುವೆ ಹಬೆ ಕಟ್ಟಿದರೆ ಸಿಲಿಕೋನ್ ಗೆರೆ ಎಲ್ಲೋ ಬಿಟ್ಟುಕೊಂಡಿದೆ. ಗ್ಲಾಸನ್ನು ಹೊರಗಿನಿಂದ ಓರೆಯಾಗಿ ಬೆಳಕಿಗೆ ಹಿಡಿಯಿರಿ. ಅಂಟಿದ ಕಡೆ ಗೆರೆ ಗಾಢವಾಗಿ, ಒಂದೇ ಅಗಲಕ್ಕೆ ಕಾಣುತ್ತದೆ. ಬಿಟ್ಟ ಕಡೆ ಪೇಲವವಾಗುತ್ತದೆ. ಅನೇಕ ಗ್ಲಾಸುಗಳಲ್ಲಿ ಪಿನ್ನು ನಡುವಿಗೆ ಸರಿಯಾಗಿ ಇರುವುದಿಲ್ಲ, ಬೇಕೆಂದೇ ಒಂದು ಕಡೆಗೆ ಸರಿಸಿರುತ್ತಾರೆ. ಅದನ್ನು ಸ್ವಲ್ಪ ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಹಾಳೆ ಸುಕ್ಕಾಗುತ್ತದೆ, ಹಾಗಾಗಿ ಎರಡೂ ಕಡೆ ಚೂರು ಚೂರೇ ತಿರುಗಿಸಿ. ಕೂರಿಸುವ ಮುಂಚೆ ಎರಡೂ ಮೈ ಒಣಗಿರಬೇಕು. ತೇವದ ಬಚ್ಚಲಲ್ಲಿ ತೊಳೆದು ಅಲ್ಲೇ ಕೂರಿಸಿದರೆ ತೇವವನ್ನೇ ಒಳಗೆ ಬೀಗ ಹಾಕಿಟ್ಟಂತೆ.

ಹಾಳೆಗೆ ಸೋಪು, ಸ್ಪ್ರೇ ಏನನ್ನೂ ಹಚ್ಚಬೇಡಿ. ಅದರ ಹೀರುವ ಗುಣ ಕೆಡಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿದರೆ ಸಾಕು. ಹಾಳೆ ಗ್ಲಾಸಿನ ಅಂಚಿನವರೆಗೆ ಹೋಗುವುದಿಲ್ಲ, ಆದ್ದರಿಂದ ಅಂಚಿನಲ್ಲಿ ಹಬೆ ಕಟ್ಟುವುದು ದೋಷವಲ್ಲ.

ಮನೆಮದ್ದು

ಪಾತ್ರೆ ತೊಳೆಯುವ ಸೋಪಿನ ನೀರು ನಿಜಕ್ಕೂ ಕೆಲಸ ಮಾಡುತ್ತದೆ. ಸೋಪು ನೀರಿನ ಬಿಗಿತವನ್ನು ಸಡಿಲಿಸುತ್ತದೆ. ಹನಿಗಳು ಮುತ್ತಾಗಿ ನಿಲ್ಲದೆ ತೆಳುವಾಗಿ ಹರಡುತ್ತವೆ, ಅದರ ಮೂಲಕ ಕಾಣುತ್ತದೆ. ಒಂದು ಬಟ್ಟಲು ನೀರಿಗೆ ಒಂದೆರಡು ಹನಿ ಸಾಕು. ಒಳಮೈಗೆ ಸವರಿ, ಒಣಗಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ತಿಳಿಯಾಗುವವರೆಗೆ ಉಜ್ಜಿ. ತೊಳೆಯಬೇಡಿ. ಒಂದು ಬೆಳಗಿನ ಪ್ರಯಾಣಕ್ಕೆ ಸಾಕಾಗುತ್ತದೆ. ಜಾಸ್ತಿ ಹಚ್ಚಿದರೆ ರಾತ್ರಿ ಎದುರು ಲೈಟಿನ ಸುತ್ತ ಪ್ರಭಾವಳಿ ಕಾಣುತ್ತದೆ, ನೀರು ಇಳಿದು ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಾರ್ಖಾನೆಯ ಲೇಪ ಇರುವ ಹೊಸ ಗ್ಲಾಸಿಗೆ ಇದು ಬೇಡ.

ಶೇವಿಂಗ್ ಕ್ರೀಮ್ ಕೂಡ ಸೋಪೇ, ಹಾಗಾಗಿ ಅದೂ ನಡೆಯುತ್ತದೆ. ಆಲೂಗಡ್ಡೆ ತುಂಡು ಉಜ್ಜುವುದು ಸ್ವಲ್ಪ ಹೊತ್ತಿಗೆ ಪರವಾಗಿಲ್ಲ, ಆದರೆ ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್ ಮಾತ್ರ ಖಂಡಿತ ಬೇಡ. ಹಲ್ಲು ಉಜ್ಜಲೆಂದು ಅದರಲ್ಲಿ ನುಣ್ಣನೆಯ ಪುಡಿ ಇರುತ್ತದೆ, ಅದು ಪ್ಲಾಸ್ಟಿಕ್ಕನ್ನು ಗೀರುತ್ತದೆ.

ಹಬೆ ಹೆಪ್ಪುಗಟ್ಟಿದಾಗ

ಕನ್ನಡದಲ್ಲಿ ನಾವು ಘಾಟಿಯ ಮಸುಕಿಗೂ ಮಂಜು ಎನ್ನುತ್ತೇವೆ, ಹೆಪ್ಪುಗಟ್ಟಿದ ನೀರಿಗೂ ಮಂಜು ಎನ್ನುತ್ತೇವೆ. ಕರ್ನಾಟಕದಲ್ಲಿ ಬೈಕ್ ಓಡಿಸುವವರಿಗೆ ಇದರಿಂದ ತೊಂದರೆ ಇಲ್ಲ, ಎರಡನೆಯದು ನಮಗೆ ಸಿಗುವುದೇ ಇಲ್ಲ. ಅದು ಸಿಗುವುದು ಮನಾಲಿ ದಾಟಿದ ಮೇಲೆ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ಲೇಹ್ ದಾರಿ ಹಿಡಿಯುವ ನಮ್ಮವರು ಈಗ ಸಾಕಷ್ಟು ಇದ್ದಾರೆ. ಅವರಿಗಾಗಿ ಈ ಭಾಗ.

ಮೊದಲ ಮೋಸ ಅಟಲ್ ಸುರಂಗದಲ್ಲೇ. 9 ಕಿಲೋಮೀಟರ್ ಉದ್ದ. ಹೊರಗೆ ಕೊರೆಯುವ ಚಳಿ ಇದ್ದು ಒಳಗೆ ಬೆಚ್ಚಗಿದ್ದರೆ ಗ್ಲಾಸಿನ ಹೊರಮೈ ಮಸುಕಾಗುತ್ತದೆ. ಉಜಿರೆಯ ಬಾಟಲಿ ನೆನಪಿಸಿಕೊಳ್ಳಿ. ಒಳಗೆ ಬೆರಳು ಹಾಕಬೇಡಿ. ವೇಗ ಇಳಿಸಿ, ಹೊರಗೆ ಒರೆಸಿ.

ಆ ದಾರಿಯ ಎತ್ತರದ ಜಾಗಗಳಾದ ಸರ್ಚು, ಬಾರಾಲಾಚಾ, ತಂಗ್‌ಲಂಗ್ ಲಾ ಕಡೆ ಸೊನ್ನೆಗಿಂತ ಕೆಳಗೆ ಇಳಿದಾಗ ಲೆಕ್ಕ ಬದಲಾಗುತ್ತದೆ. ಎತ್ತರದಲ್ಲಿ ಉಸಿರಾಟ ಜೋರಾಗುತ್ತದೆ, ಹಬೆಯೂ ಜಾಸ್ತಿ.   ಆದರೆ ಒಂದು ಅನುಕೂಲವೂ ಇದೆ. ಲಡಾಖಿನ ಗಾಳಿ ಒಣಗಾಳಿ. ಗ್ಲಾಸನ್ನು ಒಂದು ಹಲ್ಲು ಎತ್ತಿದರೆ ನಂದಿ ಬೆಟ್ಟದಲ್ಲಿ ಹೋಗದ ಹಬೆ ಅಲ್ಲಿ ಬೇಗ ಹೋಗುತ್ತದೆ. ಹೆಪ್ಪುಗಟ್ಟುವ ಮೊದಲು ಎತ್ತಬೇಕು ಅಷ್ಟೇ.

ಸೋಪು, ಸ್ಪ್ರೇಗಳು ಇಲ್ಲಿ ಸೋಲುತ್ತವೆ. ಅವು ನೀರನ್ನು ತೆಳ್ಳಗೆ ಹರಡುತ್ತವೆ, ಹರಡಿದ ನೀರು ಹಾಗೇ ಮಂಜುಗಡ್ಡೆಯ ಹಾಳೆಯಾಗುತ್ತದೆ. ಒಳಹಾಳೆ ಮತ್ತು ಮೂಗಿನ ರಬ್ಬರ್ ಎರಡೂ ಸೇರಿದರೆ ಮಾತ್ರ ಉಪಯೋಗ. ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಸವಾರರ ಹೆಲ್ಮೆಟ್ಟಿನಲ್ಲಿ ಜೋಡಿ ಗ್ಲಾಸು ಇರುತ್ತದೆ, ಬಾಯಿ ಮೂಗು ಮುಚ್ಚಿ ಉಸಿರನ್ನು ಪಕ್ಕಕ್ಕೆ ಕಳಿಸುವ ಕವಚ ಇರುತ್ತದೆ. ಕೆಲವದರಲ್ಲಿ ಗ್ಲಾಸಿಗೇ ವಿದ್ಯುತ್ ಬಿಸಿ. ಹಳೆಯ ಟೀವಿಯ ಹಿಂದೆ ಚುಚ್ಚುತ್ತಿದ್ದ ಆರ್‌ಸಿಎ ಪಿನ್ನಿನಿಂದ ಅದಕ್ಕೆ ವೈರು ಕೊಟ್ಟಿರುತ್ತಾರೆ. ಹತ್ತು ದಿನದ ಲೇಹ್ ಪ್ರವಾಸಕ್ಕೆ ಅಷ್ಟೆಲ್ಲ ಬೇಕಿಲ್ಲ.

ಗ್ಲಾಸಿನ ಒಳಗೆ ಮಂಜಿನ ಪದರ ಕಂಡರೆ ಉಗುರು, ಬೀಗದ ಕೈ, ಎಟಿಎಂ ಕಾರ್ಡ್ ಯಾವುದರಿಂದಲೂ ಕೆರೆಯಬೇಡಿ. ಮೇಲಿನ ಲೇಪವೂ ಜೊತೆಗೆ ಬರುತ್ತದೆ. ಫ್ಲಾಸ್ಕಿನ ಬಿಸಿ ನೀರು ಸುರಿಯುವುದೂ ಬೇಡ, ಆ ನೀರೂ ಐದು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ, ಗ್ಲಾಸಿನ ಬುಡದ ಸ್ಪ್ರಿಂಗು ಕಚ್ಚಿಕೊಳ್ಳುತ್ತದೆ. ಗ್ಲೌಸ್ ತೆಗೆದು ಬರಿಯ ಅಂಗೈಯನ್ನು ಹೊರಗಿನಿಂದ ಒತ್ತಿ ಹಿಡಿಯಿರಿ. ಕರಗಿದ್ದನ್ನು ಒಣ ಬಟ್ಟೆಗೆ ಹೀರಿಸಿ, ಒರೆಸಬೇಡಿ. ನಿಧಾನ, ಆದರೆ ಹಾನಿ ಇಲ್ಲ.

ಬೆಳಿಗ್ಗೆ ಹೊರಡುವಾಗಲೇ ಮಂಜು ಕಟ್ಟಿದರೆ ತಪ್ಪು ಹಿಂದಿನ ರಾತ್ರಿಯದು. ಹಗಲಿಡೀ ಸ್ಪಂಜು ಕುಡಿದ ಉಸಿರು, ಬೆವರು ರಾತ್ರಿ ಬೈಕಿನ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟಿನಲ್ಲಿ ಹೆಪ್ಪುಗಟ್ಟಿರುತ್ತದೆ. ಬೆಳಿಗ್ಗೆ ತಲೆಯ ಬಿಸಿಗೆ ಕರಗಿ ಎಲ್ಲವೂ ಗ್ಲಾಸಿಗೇ ಬರುತ್ತದೆ. ಹೆಲ್ಮೆಟ್ಟನ್ನು ಮಲಗುವ ಕೋಣೆಗೆ ತನ್ನಿ. ಕೋಣೆಯಲ್ಲಿ ಬುಖಾರಿ ಒಲೆ ಉರಿಯುತ್ತಿದ್ದರೆ ಅದರ ಪಕ್ಕಕ್ಕಲ್ಲ, ಎದುರಿನ ಗೋಡೆಯ ಮೊಳೆಗೆ ನೇತುಹಾಕಿ, ಗ್ಲಾಸ್ ಪೂರ್ತಿ ಎತ್ತಿರಲಿ. ಒಳಗೆ ಪೇಪರ್ ಮುದ್ದೆ, ಅದರ ಜೊತೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಇದ್ದರೆ ಇನ್ನೂ ಒಳ್ಳೆಯದು.

ಓಡಿಸುತ್ತಿರುವಾಗಲೇ ಒಮ್ಮೆಲೇ ಬೆಳ್ಳಗಾದರೆ ಗ್ಲಾಸ್ ಪೂರ್ತಿ ಎತ್ತಿಬಿಡಿ, ಕಣ್ಣಲ್ಲಿ ನೀರು ಬಂದರೂ ಸರಿ. ಆಕ್ಸಿಲರೇಟರ್ ಬಿಟ್ಟು, ಹಿಂದಿನವರಿಗೆ ಇಂಡಿಕೇಟರ್ ತೋರಿಸಿ ಬದಿಗೆ ನಿಲ್ಲಿ. ನಾನು ಈಗ ಚಳಿಯ ದಾರಿಗೆ ಹೋಗುವಾಗ ಬಣ್ಣವಿಲ್ಲದ ಇನ್ನೊಂದು ಗ್ಲಾಸನ್ನು ಹಳೆಯ ಉಣ್ಣೆ ಕಾಲುಚೀಲದೊಳಗೆ ಸುತ್ತಿ ಟ್ಯಾಂಕ್ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಹೆಪ್ಪುಗಟ್ಟಿದ್ದನ್ನು ಬಿಚ್ಚಿ ಇದನ್ನು ಹಾಕಲು ಎರಡು ನಿಮಿಷ. ಅದನ್ನು ಗ್ಲೌಸ್ ಹಾಕಿಕೊಂಡೇ ಬದಲಿಸಲು ಬರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಮಾಡಿ ನೋಡಿ ಹೊರಡಿ.